ಹಿರಿದು, ಕಿರಿದು, ತಕ್ಕುದು

ಧರ್ಮವಿಚಾರವೆಂಬುದು ಪ್ರಾಣಸಂಕಟದ, ರಾಜ್ಯತ್ಯಾಗದ, ವಚನಪಾಲನೆಯ ಪ್ರಸಂಗಗಳಲ್ಲಿ ಮಾತ್ರ ಏಳತಕ್ಕದ್ದೆಂದು ಭಾವಿಸುವ ವಾಡಿಕೆಯುಂಟು. ಆದರೆ ಗೃಹಸ್ಥನ ಬಾಳಿನಲ್ಲಿ ಅಂತಹ ಪ್ರಸಂಗಗಳು ಬರುವುದು ವಿರಳ. ಅವನ ವಿವೇಕವು ಪರೀಕ್ಷೆಗೆ ಒಳಗಾಗುವುದು ಬಹುಮಟ್ಟಿಗೆ ಸಣ್ಣ ಸಣ್ಣ ಆಯ್ಕೆಗಳಲ್ಲಿಯೇ. ಮನೆ ಎಷ್ಟು ಅಂಕಣದ್ದಾಗಿರಬೇಕು, ಮದುವೆಗೆ ಎಷ್ಟು ಮಂದಿಯನ್ನು ಕರೆಯಬೇಕು, ಬೆಳೆಯುವ ಮಗುವಿಗೆ ಅಂಗಿಯನ್ನು ಎಷ್ಟು ಉದ್ದ ಹೊಲಿಸಬೇಕು, ಇವೆಲ್ಲವೂ ಅಳತೆಯ ಪ್ರಶ್ನೆಗಳು. ಈ ಕಾಲದಲ್ಲಿ ಆ ಸಾಲಿಗೆ ಇನ್ನೊಂದು ಸೇರಿದೆ. ಲ್ಯಾಪ್‌ಟಾಪ್ ಎಂಬ ಗಣಕಯಂತ್ರವನ್ನು ಕೊಳ್ಳಲು ಅಂಗಡಿಗೆ ಹೋದವರ ಮುಂದೆ ವರ್ತಕನು ಮೊದಮೊದಲೇ ಇಡುವ ಪ್ರಶ್ನೆ ಇದು: ಪರದೆಯು ಹದಿಮೂರು ಅಂಗುಲದ್ದಾಗಬೇಕೋ, ಹದಿನೈದು ಅಂಗುಲದ್ದೋ?

ಪ್ರಶ್ನೆಯು ಕ್ಷುಲ್ಲಕವಾಗಿ ತೋರುತ್ತದೆ. ಎರಡು ಅಂಗುಲಗಳ ವ್ಯತ್ಯಾಸಕ್ಕಾಗಿ ತತ್ತ್ವಶಾಸ್ತ್ರವನ್ನು ಕರೆಯಬೇಕೆ ಎಂದು ಕೇಳುವವರು ಇದ್ದಾರು. ಆದರೂ ಈ ಎರಡು ಅಂಗುಲಗಳಿಗಾಗಿ ವಾರಗಟ್ಟಲೆ ಚಿಂತಿಸುವ, ಬಲ್ಲವರನ್ನೂ ಅರೆಬಲ್ಲವರನ್ನೂ ಕೇಳಿ ನೋಡುವ, ಕೊಂಡ ಮೇಲೂ ಇನ್ನೊಂದೇ ಲೇಸಾಗಿತ್ತೇನೋ ಎಂದು ಮರುಗುವ ಸುಶಿಕ್ಷಿತರು ಎಷ್ಟೋ ಮಂದಿ. ಇಷ್ಟು ಅಲ್ಪವಾದ ವಿಷಯವು ಮನಸ್ಸನ್ನು ಇಷ್ಟು ಕಲಕಬೇಕಾದರೆ ಅದರೊಳಗೆ ಅಂಗುಲಗಳಿಗಿಂತ ಹೆಚ್ಚಿನದೇನೋ ಅಡಗಿರಬೇಕು. ಅದೇನೆಂಬುದನ್ನು ಶೋಧಿಸುವುದು ನಿಷ್ಫಲವಾಗಲಾರದು.

ಮೊದಲು ಸಂಖ್ಯೆಯ ಸ್ವರೂಪವನ್ನು ತಿಳಿಯತಕ್ಕದ್ದು. ಪರದೆಗೆ ಹೇಳುವ ಅಂಗುಲವು ಅದರ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಉದ್ದ. ಆಯತದ ಕರ್ಣದ ಮೇಲೆ ನಿಲ್ಲುವ ಚೌಕವು ಅದರ ಎರಡು ಬಾಹುಗಳ ಮೇಲೆ ನಿಲ್ಲುವ ಚೌಕಗಳ ಮೊತ್ತಕ್ಕೆ ಸಮನೆಂಬುದನ್ನು ಬೌಧಾಯನ ಶುಲ್ಬಸೂತ್ರದ ಕಾಲದ ವೇದಿಕೆ ಕಟ್ಟುವವರೇ ಬಲ್ಲವರಾಗಿದ್ದರು. ಆ ನಿಯಮದಂತೆ ಲೆಕ್ಕಮಾಡಿದರೆ, ಅಗಲ ಹದಿನಾರು ಪಾಲಿಗೆ ಎತ್ತರ ಒಂಬತ್ತು ಪಾಲು ಇರುವ ಪರದೆಗಳಲ್ಲಿ ೧೩.೩ ಅಂಗುಲದ್ದರ ಕ್ಷೇತ್ರಫಲವು ಸುಮಾರು ೭೫.೬ ಚದರ ಅಂಗುಲ, ೧೫.೬ ಅಂಗುಲದ್ದರದು ಸುಮಾರು ೧೦೪ ಚದರ ಅಂಗುಲ. ಕರ್ಣವು ನೂರಕ್ಕೆ ಹದಿನೇಳರಷ್ಟು ಬೆಳೆದರೆ ಕ್ಷೇತ್ರವು ನೂರಕ್ಕೆ ಮೂವತ್ತೆಂಟರಷ್ಟು ಬೆಳೆಯಿತು. ಕೇಳುವುದಕ್ಕೆ ಎರಡು ಅಂಗುಲವಾದದ್ದು ನೋಡುವುದಕ್ಕೆ ಮೂರನೆಯ ಒಂದು ಪಾಲಿಗಿಂತ ಅಧಿಕ.

ಇನ್ನೊಂದು ವಿಚಿತ್ರವನ್ನೂ ಗಮನಿಸಬಹುದು. ಹಿಂದೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು ಇರುವ ಪರದೆಗಳು ರೂಢಿಯಲ್ಲಿದ್ದುವು. ಅಂತಹ ಹದಿನಾಲ್ಕು ಅಂಗುಲದ ಪರದೆಯ ಕ್ಷೇತ್ರವು ೯೪ ಚದರ ಅಂಗುಲ. ಹದಿನಾರಕ್ಕೆ ಒಂಬತ್ತರ ಹದಿನಾಲ್ಕು ಅಂಗುಲದ ಪರದೆಯದು ೮೪ ಚದರ ಅಂಗುಲ ಮಾತ್ರ. ಸಂಖ್ಯೆ ಒಂದೇ ಇದ್ದರೂ ಆಕಾರ ಬದಲಾದುದರಿಂದ ವಸ್ತುವು ಕಿರಿದಾಯಿತು. ಸುಳ್ಳನ್ನು ಯಾರೂ ಹೇಳಲಿಲ್ಲ. ಆದರೂ ಸಂಖ್ಯೆಯನ್ನೇ ನಂಬಿದವನು ಸತ್ಯವನ್ನು ತಪ್ಪಿದನು.

ಅಷ್ಟಕ್ಕೂ ಮುಗಿಯಲಿಲ್ಲ. ಪರದೆಯ ಮೇಲಿನ ಚಿತ್ರವು ಅತಿಸೂಕ್ಷ್ಮವಾದ ಬಿಂದುಗಳಿಂದ ಆದದ್ದು. ಸಾಮಾನ್ಯವಾಗಿ ದೊರೆಯುವ ಒಂದು ಬಗೆಯಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦, ಒಟ್ಟು ೨೦,೭೩,೬೦೦ ಬಿಂದುಗಳಿರುತ್ತವೆ. ಈ ಸಂಖ್ಯೆಯು ೧೩.೩ ಅಂಗುಲದ ಪರದೆಯಲ್ಲಿಯೂ ಅಷ್ಟೇ, ೧೫.೬ ಅಂಗುಲದ್ದರಲ್ಲಿಯೂ ಅಷ್ಟೇ ಇರಬಹುದು. ಹಾಗಿದ್ದಲ್ಲಿ, ಅಕ್ಷರಕ್ಕೆ ಕೊಡುವ ಬಿಂದುಗಳು ಎರಡರಲ್ಲಿಯೂ ಸಮವಾಗಿದ್ದರೆ, ದೊಡ್ಡ ಪರದೆಯು ಹೆಚ್ಚು ಮಾತನ್ನು ತೋರಿಸುವುದಿಲ್ಲ; ಅದೇ ಮಾತನ್ನು ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಆದುದರಿಂದ ‘ಎಷ್ಟು ದೊಡ್ಡದು?’ ಎಂಬ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ: ಎಷ್ಟು ಕ್ಷೇತ್ರ, ಎಷ್ಟು ಬಿಂದು, ಎಷ್ಟು ದಪ್ಪನೆಯ ಅಕ್ಷರ. ಮೊದಲ ಎರಡಕ್ಕೆ ಉತ್ತರವನ್ನು ಯಂತ್ರವೇ ಕೊಟ್ಟೀತು. ಮೂರನೆಯದಕ್ಕೆ ಉತ್ತರವಿರುವುದು ನೋಡುವವನ ಕಣ್ಣಿನಲ್ಲಿ.

ಕನ್ನಡವನ್ನು ಓದುವವರಿಗೆ ಈ ಮೂರನೆಯ ಪ್ರಶ್ನೆಯು ವಿಶೇಷವಾಗಿ ಅನ್ವಯಿಸುತ್ತದೆ. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ವ್ಯವಸ್ಥೆಯ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಲೋಕದ ಯಾವ ಯಂತ್ರದಲ್ಲಿಯೂ ಕನ್ನಡವನ್ನು ಬರೆಯಲು ದಾರಿಯಾಯಿತು. ಆದರೆ ಕನ್ನಡದ ಅಕ್ಷರವು ಮೇಲಕ್ಕೆ ಗುಣಿಸನ್ನೂ ಕೆಳಕ್ಕೆ ಒತ್ತನ್ನೂ ಹೊತ್ತು ನಿಲ್ಲುವಂತಹದು. ಸಾಲಿಗೂ ಸಾಲಿಗೂ ನಡುವೆ ಇಂಗ್ಲಿಷಿಗಿಂತ ಹೆಚ್ಚು ತೆರಪು ಬೇಕು; ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಕೊಂಬಿಗೆ ತಾಗುತ್ತದೆ. ಅಕ್ಷರವನ್ನು ಬಹಳ ಸಣ್ಣದು ಮಾಡಿದರೆ ಒತ್ತುಗಳು ಒಂದಕ್ಕೊಂದು ಹೋಲುವಂತಾಗಿ ಕಣ್ಣು ತಡವರಿಸುತ್ತದೆ. ಇದಕ್ಕೆ ನಲವತ್ತು ದಾಟಿದವರ ಚಾಳೀಸು ಬೇರೆ ಸೇರುತ್ತದೆ. ಆ ಮಾತಿನಲ್ಲಿಯೇ ನಲವತ್ತೆಂಬ ಸಂಖ್ಯೆ ಅಡಗಿದೆ. ಕಣ್ಣಿನೊಳಗಿನ ಮಸೂರವು ವಯಸ್ಸಿನೊಡನೆ ಬಿರುಸಾಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುವುದೇ ಅದರ ಕಾರಣ.

ಇನ್ನು ಹಿರಿದಕ್ಕೆ ತೆರಬೇಕಾದ ಬೆಲೆ. ಹಣವೊಂದೇ ಅಲ್ಲ, ಹಗುರವಾದ ಸಣ್ಣ ಯಂತ್ರಕ್ಕೆ ದೊಡ್ಡದಕ್ಕಿಂತ ಹೆಚ್ಚು ಹಣ ಕೊಡಬೇಕಾಗುವುದೂ ಉಂಟು. ಮುಖ್ಯವಾದ ಬೆಲೆ ಭಾರ. ಲ್ಯಾಪ್‌ಟಾಪ್ ಎಂಬುದು ಹುಟ್ಟಿದ್ದೇ ಹೊರುವುದಕ್ಕಾಗಿ. ಅಮೆರಿಕದ ಅಲನ್ ಕೇ ಎಂಬ ವಿದ್ವಾಂಸರು ೧೯೭೨ರಲ್ಲಿ ಬರೆದ ಪ್ರಬಂಧದಲ್ಲಿ ಮಕ್ಕಳು ಕೈಯಲ್ಲಿ ಹಿಡಿದು ಓಡಾಡಬಹುದಾದ, ಬರೆಯುವ ಪುಸ್ತಕದಷ್ಟೇ ಗಾತ್ರದ ಗಣಕಯಂತ್ರವೊಂದನ್ನು ಕಲ್ಪಿಸಿದರು. ಅದರ ತೂಕವು ನಾಲ್ಕು ಪೌಂಡುಗಳೊಳಗೆ ಇರಬೇಕೆಂಬುದು ಅವರ ಅಪೇಕ್ಷೆ. ೧೯೮೧ರಲ್ಲಿ ಮಾರಾಟಕ್ಕೆ ಬಂದ ಆಸ್ಬೋರ್ನ್ ಯಂತ್ರವು ಹೊತ್ತೊಯ್ಯಬಹುದಾದದ್ದೆಂದು ಹೆಸರು ಪಡೆದರೂ ಅದರ ತೂಕ ಸುಮಾರು ಹನ್ನೊಂದು ಕಿಲೋಗ್ರಾಂ, ಪರದೆಯಾದರೋ ಐದೇ ಅಂಗುಲ. ಅಷ್ಟು ಹೊತ್ತು ಅಷ್ಟೇ ಕಂಡವರು ಆಗಿನವರು. ಆಮೇಲೆ ಚಪ್ಪಟೆಯಾದ ಪರದೆಗಳು ಬಂದುವು. ಭಾರ ಇಳಿಯಿತು, ನೋಟ ಹಿಗ್ಗಿತು. ೨೦೦೩ರ ಜನವರಿಯಲ್ಲಿ ಆಪಲ್ ಸಂಸ್ಥೆಯವರು ಒಂದೇ ಸಭೆಯಲ್ಲಿ ಎರಡು ಯಂತ್ರಗಳನ್ನು ಪ್ರದರ್ಶಿಸಿದರು: ಒಂದು ಹನ್ನೆರಡು ಅಂಗುಲದ್ದು, ತೂಕ ಸುಮಾರು ೨.೧ ಕಿಲೋಗ್ರಾಂ, ಇನ್ನೊಂದು ಹದಿನೇಳು ಅಂಗುಲದ್ದು, ತೂಕ ಸುಮಾರು ೩.೧ ಕಿಲೋಗ್ರಾಂ. ೨೦೦೭ರಲ್ಲಿ ಆಸುಸ್ ಸಂಸ್ಥೆಯು ಏಳೇ ಅಂಗುಲದ ಪರದೆಯ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಯಂತ್ರವನ್ನು ತಂದಿತು. ಜನ ಮುಗಿಬಿದ್ದು ಕೊಂಡರು. ಕೆಲವೇ ವರ್ಷಗಳಲ್ಲಿ ಆ ಜಾತಿಯ ಕಿರುಯಂತ್ರಗಳು ಮರೆಯಾದುವು. ೨೦೧೫ರಲ್ಲಿ ಬಂದ ಆಪಲ್ ಸಂಸ್ಥೆಯ ಇನ್ನೊಂದು ಹನ್ನೆರಡು ಅಂಗುಲದ ಯಂತ್ರವನ್ನು ೨೦೧೯ರಲ್ಲಿ ನಿಲ್ಲಿಸಲಾಯಿತು.

ಈ ಚರಿತ್ರೆಯಿಂದ ತಿಳಿಯುವುದೇನು? ಯಂತ್ರವನ್ನು ನಿರ್ಮಿಸುವವರಿಗೂ ಸರಿಯಾದ ಅಳತೆ ಇಂಥದೇ ಎಂದು ಹೇಳಲು ಸಾಧ್ಯವಾಗಲಿಲ್ಲ. ಒಂದೇ ದಿನ ಹಿರಿದನ್ನೂ ಕಿರಿದನ್ನೂ ಮುಂದಿಟ್ಟು, ಆಯ್ಕೆಯ ಹೊಣೆಯನ್ನು ಕೊಳ್ಳುವವನ ತಲೆಯ ಮೇಲೆ ಇಟ್ಟರು. ವಸ್ತುಧರ್ಮವೂ ಇದಕ್ಕೆ ಕಾರಣ. ದೊಡ್ಡ ಪರದೆಯನ್ನು ಬೆಳಗಲು ಹೆಚ್ಚು ವಿದ್ಯುತ್ತು ಬೇಕು. ದೊಡ್ಡ ಒಡಲಿನಲ್ಲಿ ದೊಡ್ಡ ಬ್ಯಾಟರಿಗೆ ಎಡೆಯುಂಟು. ಆ ಬ್ಯಾಟರಿಯು ಮತ್ತೆ ಭಾರವನ್ನು ಹೆಚ್ಚಿಸುತ್ತದೆ. ಪರದೆಯೂ ಕೀಲಿಮಣೆಯೂ ಒಂದೇ ತಿರುಗಣಿಯಲ್ಲಿ ಸೇರಿರುವುದರಿಂದ, ಕಣ್ಣಿನ ಮಟ್ಟಕ್ಕೆ ಪರದೆಯನ್ನು ಎತ್ತಿದರೆ ಕೈಗೆ ಎಟುಕು ತಪ್ಪುತ್ತದೆ. ಕೈಗೆ ಒಪ್ಪುವಂತೆ ಇಟ್ಟರೆ ಕೊರಳು ಬಾಗುತ್ತದೆ. ಒಂದು ಅಂಗದ ಸುಖವನ್ನು ಇನ್ನೊಂದು ಅಂಗದ ಶ್ರಮದಿಂದ ಕೊಳ್ಳಬೇಕಾದ ವಸ್ತು ಇದು.

ಭಾರ ಮತ್ತು ಕಣ್ಣು ಇವೆರಡಲ್ಲದೆ ಮನಸ್ಸಿನ ರೀತಿಯೂ ವಿಚಾರಾರ್ಹ. ತಾಳೆಗರಿಯ ಪುಸ್ತಕವನ್ನು ಕಂಡವರು ಬಲ್ಲರು: ಗರಿಯು ಉದ್ದವಾದರೂ ಅಗಲ ಬಲು ಕಿರಿದು, ಒಂದು ಮುಖದಲ್ಲಿ ಹಿಡಿಯುವುದು ಕೆಲವೇ ಸಾಲು. ಓದುವವನಿಗೆ ಒಮ್ಮೆಗೆ ಕಾಣುವುದು ಅಷ್ಟೇ. ಹಿಂದಿನ ಗರಿಯ ಮಾತು ಅವನ ನೆನಪಿನಲ್ಲಿರಬೇಕು. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳನ್ನು ದಾಟಿ ಬಂದದ್ದು ಇಂತಹ ಇಕ್ಕಟ್ಟಾದ ಗರಿಗಳ ಮೇಲೆಯೇ. ಒಂದು ರಾಜ್ಯತಂತ್ರವೇ ಆ ಕಿರಿದಾದ ಪಟ್ಟಿಗಳಲ್ಲಿ ಅಡಗಿತ್ತು. ಹೀಗಿರಲು, ಕಿರಿಯ ಪರದೆಯಲ್ಲಿ ದೊಡ್ಡ ವಿಚಾರ ನಡೆಯದೆಂದು ಹೇಳುವುದು ಸಲ್ಲದು. ಒಂದೇ ಕಿಟಕಿಯನ್ನು ಕಾಣುವವನು ಒಂದರಲ್ಲಿ ನೆಲೆಸುತ್ತಾನೆ. ನೆನಪಿಗೆ ಕೆಲಸ ಕೊಡುತ್ತಾನೆ.

ಆದರೆ ಅದೇ ಭಂಡಾರದಲ್ಲಿ ಗ್ರಂಥಸಂಪಾದನೆ ಮಾಡತಕ್ಕ ಪಂಡಿತನು ಒಂದು ಗರಿಯಿಂದ ತೃಪ್ತನಾಗಲಾರನು. ಎರಡು ಮೂರು ಪ್ರತಿಗಳನ್ನು ಎದುರಿಗೆ ಹರಡಿ, ಒಂದರ ಪಾಠವನ್ನು ಇನ್ನೊಂದರ ಪಾಠದೊಡನೆ ಹೋಲಿಸಬೇಕು. ಅಲ್ಲಿ ನೆನಪನ್ನು ನಂಬುವುದೇ ಅಪಾಯ, ಏಕೆಂದರೆ ನೆನಪು ತನಗೆ ರೂಢಿಯಾದ ಪಾಠವನ್ನೇ ಎಲ್ಲೆಲ್ಲಿಯೂ ಕಾಣುತ್ತದೆ. ಅವನಿಗೆ ವಿಸ್ತಾರವೆಂಬುದು ಪ್ರಾಮಾಣ್ಯದ ಒಂದು ಅಂಗ. ಲೆಕ್ಕಪತ್ರ ನೋಡುವವನಿಗೂ, ನಕ್ಷೆ ಬರೆಯುವವನಿಗೂ ಹೀಗೆಯೇ. ಆದಕಾರಣ ಹಿರಿದನ್ನು ಬಯಸುವವನು ಲೋಭಿಯೆಂದೂ ಕಿರಿದನ್ನು ಬಯಸುವವನು ಸಂಯಮಿಯೆಂದೂ ತೀರ್ಪು ಕೊಡಲಾಗದು. ಕಿರಿದರಲ್ಲಿಯೂ ಡಂಭವುಂಟು, ಹಾಳೆಯಷ್ಟು ತೆಳುವಾದ ಯಂತ್ರವನ್ನು ನಾಲ್ಕು ಜನರೆದುರು ಎರಡು ಬೆರಳಿನಲ್ಲಿ ಎತ್ತುವ ಸುಖಕ್ಕಾಗಿ ಬೆಲೆ ತೆರುವವರು ಇದ್ದಾರೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಇವರು ಯಂತ್ರಕ್ಕೂ ವಿಸ್ತರಿಸಿದಂತಿದೆ.

ಹಾಗಾದರೆ ನಿರ್ಣಯಕ್ಕೆ ಸೂತ್ರ ಯಾವುದು? ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಎಲ್ಲರ ಬಾಯಲ್ಲಿಯೂ ಇರುವ ಮಾತು. ಅದು ಇರುವ ಹಾಸಿಗೆಗೆ ಕಾಲನ್ನು ಹೊಂದಿಸುವ ನೀತಿ. ಹಾಸಿಗೆಯನ್ನೇ ಆರಿಸುವ ದಿನ ಅದರಿಂದ ಸಹಾಯ ದೊರೆಯದು. ಗ್ರೀಕರ ಅರಿಸ್ಟಾಟಲನು ಸದ್ಗುಣವು ಎರಡು ಅತಿಗಳ ನಡುವಣ ಮಧ್ಯದಲ್ಲಿದೆಯೆಂದು ಬೋಧಿಸಿದನು. ಆದರೆ ಆ ಮಧ್ಯವು ಗಣಿತದ ಮಧ್ಯವಲ್ಲವೆಂದು ಅವನೇ ಎಚ್ಚರಿಸಿದ್ದಾನೆ. ಹತ್ತು ಅಳತೆ ಅತಿಯಾಗಿ, ಎರಡು ಅಳತೆ ಕಡಿಮೆಯಾದರೆ ಎಲ್ಲರಿಗೂ ಆರು ಬಡಿಸೆಂದು ಗರಡಿಯ ಗುರುವು ಹೇಳುವುದಿಲ್ಲ; ಮೈಲೋ ಎಂಬ ಜಟ್ಟಿಗೆ ಆರು ಸಾಲದು, ಹೊಸದಾಗಿ ಸಾಮು ಕಲಿಯುವವನಿಗೆ ಅದೇ ಅತಿ. ಕರ್ನಾಟಕದಲ್ಲಿ ಬಹುಕಾಲದಿಂದ ನೆಲೆಸಿರುವ ಜೈನಧರ್ಮವು ಗೃಹಸ್ಥನಿಗೆ ಹೇಳುವ ಪರಿಗ್ರಹಪರಿಮಾಣ ವ್ರತವೂ ಇದೇ ದಿಕ್ಕಿನದು. ಹೊಲ, ಮನೆ, ಚಿನ್ನ, ಧಾನ್ಯ ಇವುಗಳಿಗೆ ಶ್ರಾವಕನು ತಾನೇ ಒಂದು ಎಲ್ಲೆಯನ್ನು ಗೊತ್ತುಮಾಡಿಕೊಳ್ಳಬೇಕು. ಎಲ್ಲರಿಗೂ ಒಂದೇ ಎಲ್ಲೆಯನ್ನು ಶಾಸ್ತ್ರವು ವಿಧಿಸಲಿಲ್ಲ. ಎಲ್ಲೆಯನ್ನು ಹಾಕಿಕೊಳ್ಳುವ ಕರ್ತವ್ಯವನ್ನು ಮಾತ್ರ ವಿಧಿಸಿತು. ಹಾಕಿಕೊಳ್ಳಬೇಕಾದರೆ ಮನುಷ್ಯನು ತನ್ನ ಅವಶ್ಯಕತೆಯನ್ನು ಅರಿತಿರಬೇಕು. ಕಷ್ಟವಿರುವುದು ಆ ಅರಿವಿನಲ್ಲಿಯೇ.

ಒಬ್ಬನೇ ಕೊಂಡು ಒಬ್ಬನೇ ಬಳಸುವಾಗ ಈ ಕಷ್ಟವು ಅಷ್ಟಾಗಿ ಬಾಧಿಸದು. ತಪ್ಪಿದರೆ ತಾನೇ ಅನುಭವಿಸುತ್ತಾನೆ. ಆದರೆ ನಮ್ಮ ದೇಶದ ಎಷ್ಟೋ ಮನೆಗಳಲ್ಲಿ ಯಂತ್ರ ಒಂದು, ಬಳಸುವವರು ಹಲವರು. ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ನಿವೃತ್ತರಾದ ಉಪಾಧ್ಯಾಯರು, ಅರುವತ್ತು ದಾಟಿದವರು. ಊರಿನ ದೇವಸ್ಥಾನಕ್ಕೆ ಸಂಬಂಧಪಟ್ಟ ಹಳೆಯ ಕಡತಗಳ ಭಾವಚಿತ್ರಗಳನ್ನು ಇಟ್ಟುಕೊಂಡು, ಅವುಗಳ ಬರಹವನ್ನು ಸಾಲುಸಾಲಾಗಿ ಪ್ರತಿಮಾಡುವ ಕಾರ್ಯದಲ್ಲಿ ತೊಡಗಿದ್ದಾರೆ. ಮಸಿಬಟ್ಟೆಯ ಮೇಲೆ ಬಳಪದಿಂದ ಬರೆದ ಆ ಅಕ್ಷರಗಳು ಮಾಸುತ್ತಿವೆ. ಅವರ ಕಣ್ಣೂ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದೆ. ಮಗಳು ಕಾಲೇಜಿಗೆ ಸೇರಿದ್ದಾಳೆ. ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು, ಕುಳಿತು ಹೋಗುವ ಭಾಗ್ಯ ವಾರಕ್ಕೆ ಎರಡು ದಿನ ದೊರೆತರೆ ಹೆಚ್ಚು. ಯಂತ್ರಕ್ಕಾಗಿ ಕೂಡಿಟ್ಟ ಹಣ ಒಂದಕ್ಕೆ ಮಾತ್ರ ಸಾಲುತ್ತದೆ. ದೊಡ್ಡ ಪರದೆಯ ಲಾಭ ತಂದೆಗೆ, ಅದರ ಭಾರ ಮಗಳಿಗೆ. ಚಿಕ್ಕ ಪರದೆಯ ಹಗುರ ಮಗಳಿಗೆ, ಅದರ ಇಕ್ಕಟ್ಟು ತಂದೆಗೆ. ಒಬ್ಬರ ಸುಖಕ್ಕೆ ಇನ್ನೊಬ್ಬರು ಬೆಲೆ ತೆರಬೇಕಾದ ಸ್ಥಳದಲ್ಲಿ ಧರ್ಮದ ಪ್ರಶ್ನೆ ಏಳುತ್ತದೆ.

ಇಂತಹ ಮನೆಯಲ್ಲಿ ನಡೆಯುವ ಸಂಭಾಷಣೆಯನ್ನು ಊಹಿಸುವುದು ಕಷ್ಟವಲ್ಲ. “ನನಗೆ ಎರಡೂ ಒಂದೇ, ಅವಳಿಗೆ ಯಾವುದು ಹಗುರವೋ ಅದನ್ನೇ ತರೋಣ” ಎನ್ನುತ್ತಾರೆ ತಂದೆ. “ಅಪ್ಪ, ನನಗೆ ಭಾರವೇನೂ ಆಗುವುದಿಲ್ಲ, ನಿಮ್ಮ ಕಣ್ಣಿಗೆ ದೊಡ್ಡದೇ ಸರಿ” ಎನ್ನುತ್ತಾಳೆ ಮಗಳು. ಎರಡು ಮಾತೂ ಪ್ರೀತಿಯಿಂದ ಹುಟ್ಟಿದುವು. ಎರಡೂ ಅಸತ್ಯ. ತಂದೆಗೆ ಎರಡೂ ಒಂದೇ ಅಲ್ಲ. ಮಗಳಿಗೆ ಭಾರವಾಗದೆಯೂ ಇಲ್ಲ. ವರ್ತಕನು ಚತುರನಾದರೆ ಈ ವೇಳೆಯಲ್ಲಿ ಹದಿನಾಲ್ಕು ಅಂಗುಲದ್ದನ್ನು ತಂದು ಮುಂದಿಡುತ್ತಾನೆ. ಅದು ಎಷ್ಟೋ ಜನರಿಗೆ ಒಪ್ಪುವ ಯಂತ್ರವೇ ಸರಿ. ಆದರೆ ಇಲ್ಲಿ ಅದನ್ನು ಆರಿಸಿದರೆ ಅದು ಗಣಿತದ ಮಧ್ಯವಾದೀತು. ಇಬ್ಬರೂ ತಮ್ಮ ಅವಶ್ಯಕತೆಯನ್ನು ಹೇಳದೆ ಉಳಿದು, ಇಬ್ಬರ ಸಂಕೋಚಕ್ಕೂ ಅರ್ಧ ಅರ್ಧ ಬೆಲೆ ಕೊಟ್ಟಂತಾದೀತು.

ತ್ಯಾಗವನ್ನು ಶ್ಲಾಘಿಸುವುದು ಈ ನಾಡಿನ ಸಂಪ್ರದಾಯ, ಶ್ಲಾಘಿಸತಕ್ಕದ್ದೂ ಹೌದು. ಆದರೆ ತನ್ನ ಅವಶ್ಯಕತೆಯನ್ನು ಮುಚ್ಚಿಟ್ಟು ಮಾಡುವ ತ್ಯಾಗದಲ್ಲಿ ಒಂದು ದೋಷವುಂಟು. ಅದು ಎದುರಿಗಿರುವವರನ್ನು ಕುರುಡರನ್ನಾಗಿ ಮಾಡುತ್ತದೆ. ತಂದೆಯ ಕಷ್ಟ ತಿಳಿಯದ ಮಗಳು ಹಗುರವಾದುದನ್ನು ಸುಲಭವಾಗಿ ಒಪ್ಪಿಕೊಂಡು, ನಾಲ್ಕು ವರ್ಷದ ಮೇಲೆ ಅರ್ಧಕ್ಕೇ ನಿಂತ ಪ್ರತಿಯನ್ನು ಕಂಡು ಮರುಗಬಹುದು. ಮಗಳ ನೋವು ತಿಳಿಯದ ತಂದೆ ದೊಡ್ಡದನ್ನು ತಂದು, ಅವಳು ಹೆಗಲನ್ನು ಒತ್ತಿಕೊಳ್ಳುವುದನ್ನು ಒಂದು ಸಂಜೆ ಕಂಡು ತಮ್ಮನ್ನೇ ನಿಂದಿಸಿಕೊಳ್ಳಬಹುದು. ಹೇಳದ ತ್ಯಾಗಕ್ಕೆ ಅಳತೆಯಿಲ್ಲ; ಅಳತೆಯಿಲ್ಲದ್ದರಿಂದ ಅದರ ಋಣವೂ ತೀರುವುದಿಲ್ಲ. ಋಣಪಟ್ಟವರು ಮುಂದೆ ಎಂದಾದರೂ ಆ ಲೆಕ್ಕವನ್ನು ತಿಳಿದಾಗ, ಕೊಟ್ಟವರ ಔದಾರ್ಯಕ್ಕಿಂತ ತಮ್ಮ ಅಜ್ಞಾನವೇ ಅವರನ್ನು ಹೆಚ್ಚು ಸುಡುತ್ತದೆ.

ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ಮೂರನೆಯವರು ಒಬ್ಬರಿರುತ್ತಾರೆ. ಅವರಿಗೆ ಇಬ್ಬರ ಸುಳ್ಳೂ ಗೊತ್ತಿರುತ್ತದೆ. ಅಂಗಡಿಯಲ್ಲಿ ತಾಯಿ ಹೀಗೆ ಹೇಳುತ್ತಾರೆಂದು ಇಟ್ಟುಕೊಳ್ಳಬಹುದು: “ಬಾಯಿಮಾತು ಸಾಕು. ನೀವು ಎರಡರಲ್ಲಿಯೂ ಓದಿ ತೋರಿಸಿ. ನೀನು ಎರಡನ್ನೂ ಪುಸ್ತಕದ ಚೀಲದೊಳಗಿಟ್ಟು ಹೊತ್ತುಕೊಂಡು ಕಾಲು ಗಂಟೆ ನಿಂತು ತೋರಿಸು.” ಈ ಪರೀಕ್ಷೆಯಲ್ಲಿ ಶಾಸ್ತ್ರದ ಯಾವ ಆಡಂಬರವೂ ಇಲ್ಲ, ಆದರೂ ಅರಿಸ್ಟಾಟಲನ ಗರಡಿಯ ಗುರುವು ಮಾಡುವುದನ್ನೇ ಆಕೆ ಮಾಡಿದರು.

ಪರೀಕ್ಷೆಯ ಫಲವನ್ನು ಲೆಕ್ಕದಿಂದಲೇ ತಿಳಿಯಬಹುದು. ಚಿಕ್ಕ ಪರದೆಯ ಎತ್ತರ ಸುಮಾರು ೬.೫ ಅಂಗುಲ, ದೊಡ್ಡದರದು ಸುಮಾರು ೭.೬೫. ತಂದೆಗೆ ಕಾಣಿಸುವಷ್ಟು ದಪ್ಪಕ್ಕೆ ಅಕ್ಷರವನ್ನು ಎರಡರಲ್ಲಿಯೂ ಸಮವಾಗಿ ಹಿಗ್ಗಿಸಿದರೆ, ದೊಡ್ಡದರಲ್ಲಿ ಇಪ್ಪತ್ತು ಸಾಲು ಕಾಣುವೆಡೆ ಚಿಕ್ಕದರಲ್ಲಿ ಹದಿನೇಳು ಕಾಣುತ್ತವೆ. ಸಾಲಿನ ಉದ್ದವೂ ಅದೇ ಪ್ರಮಾಣದಲ್ಲಿ ಕುಗ್ಗುವುದರಿಂದ, ನೂರು ಅಕ್ಷರಕ್ಕೆ ಬದಲು ಸುಮಾರು ಎಪ್ಪತ್ತಮೂರು ಉಳಿಯುತ್ತವೆ. ಕಡತದ ಭಾವಚಿತ್ರವನ್ನೂ ತಮ್ಮ ಪ್ರತಿಯನ್ನೂ ಮಗ್ಗುಲುಮಗ್ಗುಲಾಗಿ ಇಟ್ಟುಕೊಳ್ಳಬೇಕಾದ ತಂದೆಗೆ ಇದು ಸಣ್ಣ ನಷ್ಟವಲ್ಲ. ಮಗಳ ಕಡೆಯ ಲೆಕ್ಕ ಬೇರೆ: ಇಂತಹ ಎರಡು ಯಂತ್ರಗಳ ತೂಕದ ಅಂತರ ಸಾಮಾನ್ಯವಾಗಿ ಅರ್ಧ ಕಿಲೋಗ್ರಾಮಿನ ಆಸುಪಾಸು. ಒಮ್ಮೆ ಎತ್ತಿದರೆ ಅದು ಏನೂ ಅಲ್ಲ. ದಿನಕ್ಕೆ ಎರಡು ಸಲ, ನಿಂತ ಬಸ್ಸಿನಲ್ಲಿ, ಪುಸ್ತಕಗಳ ಮೇಲಿನ ಹೇರಾಗಿ, ವರ್ಷಾನುವರ್ಷ ಎಂದಾಗ ಅದು ಬೆನ್ನೆಲುಬಿನ ವಿಚಾರವಾಗುತ್ತದೆ. ಇದರಿಂದ ಯಾರ ಕಷ್ಟವೂ ಇಲ್ಲವಾಗಲಿಲ್ಲ. ಆದರೆ ಇಬ್ಬರ ಕಷ್ಟಕ್ಕೂ ಒಂದು ಮೇರೆ ಕಾಣಿಸಿತು. ‘ನನಗಾಗಿ ಎಲ್ಲವನ್ನೂ ಬಿಟ್ಟರು’ ಎಂಬ ತೀರದ ಋಣದ ಬದಲು, ‘ಇಪ್ಪತ್ತರಲ್ಲಿ ಮೂರು ಸಾಲು ಬಿಟ್ಟರು’ ಎಂಬ ನೆನಪಿಡಬಹುದಾದ ಮಾತು ದೊರೆಯಿತು.

ಸತ್ಯವು ಹೊರಬಿದ್ದ ಮೇಲೆ ಇನ್ನೊಂದು ನ್ಯಾಯವನ್ನು ಅನ್ವಯಿಸಬಹುದು: ಎರಡು ಕೊರತೆಗಳಲ್ಲಿ ಯಾವುದಕ್ಕೆ ಮುಂದೆ ಪರಿಹಾರವುಂಟೋ ಆ ಕೊರತೆಯನ್ನು ಒಪ್ಪಿಕೊಳ್ಳುವುದು ಲೇಸು. ದೊಡ್ಡ ಯಂತ್ರದ ಭಾರವನ್ನು ಯಾವ ಉಪಾಯದಿಂದಲೂ ಕೆತ್ತಿ ತೆಗೆಯಲಾಗದು. ಚಿಕ್ಕ ಪರದೆಯ ಇಕ್ಕಟ್ಟಿಗಾದರೋ ಉಪಾಯಗಳುಂಟು. ಮನೆಯಲ್ಲಿ ಈಗಿನ ತರದ ಟೆಲಿವಿಷನ್ ಇದ್ದರೆ, ತಕ್ಕ ತಂತಿಯಿಂದ ಯಂತ್ರವನ್ನು ಅದಕ್ಕೆ ಜೋಡಿಸಿ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು. ಕಡತದ ಭಾವಚಿತ್ರಗಳನ್ನು ಕಾಗದದ ಮೇಲೆ ದೊಡ್ಡದಾಗಿ ಅಚ್ಚುಹಾಕಿಸಿ ಪಕ್ಕದ ವ್ಯಾಸಪೀಠದ ಮೇಲಿಟ್ಟುಕೊಂಡರೆ, ಪರದೆಯು ಪ್ರತಿಯೊಂದಕ್ಕೇ ಮೀಸಲಾಗುತ್ತದೆ. ಮಗಳು ಕಾಲೇಜಿಗೆ ಹೊರಡುವ ಮೊದಲು ಬೆಳಗಿನ ಎರಡು ಗಂಟೆ ತಂದೆಯ ಕೆಲಸಕ್ಕೆಂದು ಮನೆಯವರೆಲ್ಲರೂ ಒಪ್ಪಿ ನಿಶ್ಚಯಿಸಬಹುದು. ಈ ಯಾವ ಉಪಾಯವೂ ತಂದೆ ‘ನನಗೆ ಎರಡೂ ಒಂದೇ’ ಎಂದು ಹೇಳುತ್ತಿದ್ದಷ್ಟು ಹೊತ್ತು ಯಾರ ಬುದ್ಧಿಗೂ ಹೊಳೆಯುತ್ತಿರಲಿಲ್ಲ. ಇಲ್ಲವೆಂದು ಹೇಳಿದ ಕೊರತೆಗೆ ಪರಿಹಾರವನ್ನು ಹುಡುಕುವವರು ಯಾರು?

ಇಲ್ಲಿ ಒಂದು ಆಕ್ಷೇಪವು ನ್ಯಾಯವಾಗಿಯೇ ಏಳುತ್ತದೆ. ವಯಸ್ಸಾದವರ ಕಣ್ಣಿನ ವರ್ಷಗಳೂ ಮರಳಿ ಬಾರದುವಲ್ಲವೆ? ಮಗಳಿಗೆ ಮುಂದೆ ಎಷ್ಟೋ ಯಂತ್ರಗಳು ದೊರೆತಾವು. ಕಡತಗಳನ್ನು ಓದಬಲ್ಲ ತಂದೆಯ ಕಣ್ಣು ಮತ್ತೆ ದೊರೆತೀತೆ? ಆಕ್ಷೇಪವು ಸತ್ಯ. ಉಪಾಯಗಳೆಲ್ಲ ಸೇರಿದರೂ ಕೆಲಸವು ಸ್ವಲ್ಪ ನಿಧಾನವಾಗಿಯೇ ಸಾಗುವುದು. ಕೆಲವು ಕಡತಗಳು ಉಳಿದೇ ಹೋದಾವು. ಇದೇ ಮನೆಯಲ್ಲಿ ಮಗಳ ಕಾಲೇಜು ನಾಲ್ಕು ಹೆಜ್ಜೆಯ ದೂರದಲ್ಲಿದ್ದಿದ್ದರೆ, ಇಲ್ಲವೆ ತಂದೆಯ ಕಣ್ಣು ಇನ್ನೂ ಹೆಚ್ಚು ಕೆಟ್ಟಿದ್ದರೆ, ತೀರ್ಪು ತಿರುಗುತ್ತಿತ್ತು, ತಿರುಗಬೇಕಾದದ್ದೇ ನ್ಯಾಯ. ಮೇಜನ್ನು ಬಿಟ್ಟು ಕದಲದವನಿಗೆ ಭಾರದ ಪ್ರಶ್ನೆಯೇ ಇಲ್ಲ. ಅವನು ದೊಡ್ಡದನ್ನು ಕೊಂಡರೆ ತಪ್ಪೇನು? ಆದುದರಿಂದ ಚಿಕ್ಕದನ್ನು ಆರಿಸಿದ್ದು ಈ ಮನೆಗೆ ಮಾತ್ರ ಸಲ್ಲುವ ತೀರ್ಪು. ಬೇರೆಯವರು ಇದರಿಂದ ತೆಗೆದುಕೊಳ್ಳಬಹುದಾದದ್ದು ವಿಚಾರದ ಕ್ರಮ: ಸಂಖ್ಯೆಯನ್ನು ಬಿಡಿಸಿ ನೋಡುವುದು, ಯಾರ ಲಾಭಕ್ಕೆ ಯಾರು ಬೆಲೆ ತೆರುತ್ತಾರೆಂದು ಕೇಳುವುದು, ಪ್ರತಿಯೊಬ್ಬರೂ ತಮ್ಮ ಅವಶ್ಯಕತೆಯನ್ನು ಸಂಕೋಚವಿಲ್ಲದೆ ಹೇಳುವುದು, ಆ ಮೇಲೆ ಪರಿಹಾರವಿರುವ ಕೊರತೆಯನ್ನು ಒಪ್ಪಿಕೊಂಡು ಪರಿಹಾರಕ್ಕೆ ಅಂದೇ ತೊಡಗುವುದು. ಬಿಡಬೇಕಾದದ್ದನ್ನು ಬಿಡುವವರು ಇಷ್ಟು ತಿಳಿದು ಬಿಟ್ಟರೆ, ಪಡೆದವರೂ ತಿಳಿದು ಪಡೆಯುತ್ತಾರೆ.

ಹಿರಿದರ ನೋಟವೂ ಕಿರಿದರ ಹಗುರವೂ ಒಂದರಲ್ಲಿಯೇ ಸೇರಬೇಕೆಂಬ ಆಸೆ ಹೊಸತೇನೂ ಅಲ್ಲ. ಹುಣಿಸೆಬೀಜದ ಸರಿಗೆ ಇದ್ದಲಿನ ಮಸಿಯನ್ನು ಬೆರೆಸಿ ಬಟ್ಟೆಗೆ ಬಳಿದು ಮಾಡುತ್ತಿದ್ದ ಕಡತವೇ ಅದಕ್ಕೆ ಸಾಕ್ಷಿ: ಹೊರುವಾಗ ಮಡಿಕೆಮಡಿಕೆಯಾಗಿ ಕಂಕುಳಲ್ಲಿ ಅಡಗುವುದು, ಲೆಕ್ಕ ನೋಡುವಾಗ ಜಗಲಿಯುದ್ದಕ್ಕೂ ಬಿಚ್ಚುವುದು. ೨೦೨೦ರಲ್ಲಿ ಪರದೆಯನ್ನೇ ಮಡಿಸಬಹುದಾದ ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬಂದಿತು. ಶಾನುಭೋಗರ ಆ ಹಳೆಯ ಆಸೆಗೆ ಅದು ಹೊಸ ರೂಪ. ಅಂತಹ ಯಂತ್ರಗಳು ಮುಂದೆ ಎಲ್ಲ ಮನೆಗಳಿಗೂ ಎಟುಕಿದರೆ ಹಿರಿದು ಕಿರಿದೆಂಬ ಈ ಒಂದು ವಿವಾದವು ತೀರಬಹುದು. ಆಗಲೂ ಒಂದೇ ಯಂತ್ರಕ್ಕೆ ಇಬ್ಬರು ಕೈಚಾಚುವ ಬೆಳಗು ಇದ್ದೇ ಇರುತ್ತದೆ. ಆ ಬೆಳಗಿನಲ್ಲಿ ‘ನನಗೆ ಬೇಕಾಗಿದೆ’ ಎಂದು ನಿಜವನ್ನು ಹೇಳುವ ಧೈರ್ಯವೂ, ಅದನ್ನು ಕೇಳಿ ಮುನಿಯದಿರುವ ತಾಳ್ಮೆಯೂ ಆ ಮನೆಯವರಲ್ಲಿ ಇರಬೇಕಾಗುತ್ತದೆ.